ಅರಬೆಲ್ಲಾ ಮತ್ತು ಅನಿಟಾ: ಬಾನಿಗೆ ಹೋದ ಜೇಡಗಳ ಚರಿತ್ರೆ

ಕನ್ನಡದಲ್ಲಿ ‘ಜೇಡ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು, ಬಲೆ ಹೆಣೆಯುವ ಎಂಟು ಕಾಲಿನ ಜೀವಿ. ಇನ್ನೊಂದು, ಬಟ್ಟೆ ನೇಯುವವನು. ನಮ್ಮ ಆದ್ಯ ವಚನಕಾರರಲ್ಲೊಬ್ಬನಾದ ದಾಸಿಮಯ್ಯನನ್ನು ಜೇಡರ ದಾಸಿಮಯ್ಯ ಎಂದು ಕರೆದದ್ದು ಆತ ಮಗ್ಗದ ಕಾಯಕದವನಾದ್ದರಿಂದ. ನೇಯುವ ಮನುಷ್ಯನಿಗೂ ನೇಯುವ ಹುಳುವಿಗೂ ಒಂದೇ ಹೆಸರಿಟ್ಟ ನಮ್ಮ ಹಿರಿಯರ ಕಣ್ಣು ಸಾಮಾನ್ಯವಾದುದಲ್ಲ. ಸಂಸ್ಕೃತದಲ್ಲಿ ಅದು ಊರ್ಣನಾಭಿ, ಹೊಕ್ಕುಳಲ್ಲಿ ನೂಲುಳ್ಳದ್ದು. ತನ್ನೊಳಗಿನಿಂದಲೇ ನೂಲನ್ನು ಹೊರಗೆಡಹಿ ಮತ್ತೆ ತನ್ನೊಳಗೇ ಸೆಳೆದುಕೊಳ್ಳುವ ಈ ಜೀವಿಯನ್ನು ಮುಂಡಕೋಪನಿಷತ್ತು ಸೃಷ್ಟಿಗೆ ಹೋಲಿಕೆಯಾಗಿ ಬಳಸಿದೆ. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ಶಿವಲಿಂಗಕ್ಕೆ ನೆರಳಾಗಲೆಂದು ಬಲೆ ಕಟ್ಟಿದ್ದೂ ಒಂದು ಜೇಡವೇ. ಆ ಕ್ಷೇತ್ರದ ಹೆಸರಿನ ಮೊದಲಕ್ಷರ ‘ಶ್ರೀ’ ಎಂದರೆ ಜೇಡ, ‘ಕಾಳ’ ಎಂದರೆ ಹಾವು, ‘ಹಸ್ತಿ’ ಎಂದರೆ ಆನೆ ಎಂದು ಹೇಳುತ್ತಾರೆ. ಇಷ್ಟೆಲ್ಲ ಗೌರವವಿದ್ದರೂ ಹಬ್ಬ ಬಂತೆಂದರೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಮನೆಯ ಮೂಲೆಮೂಲೆಯ ಬಲೆಯನ್ನೂ ಇಲ್ಲಣವನ್ನೂ ತೆಗೆಯುವುದು ನಮ್ಮಲ್ಲಿ ತಪ್ಪದ ಪದ್ಧತಿ!

ಇಂದು ನಾನು ಬರೆಯಹೊರಟಿರುವುದು ಪುರಾಣದ ಜೇಡದ ಕುರಿತಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್ ದೊರೆಗೆ ಛಲ ಕಲಿಸಿತೆನ್ನುವ ಜೇಡದ ಕುರಿತೂ ಅಲ್ಲ. ಅದು ಸೊಗಸಾದ ದಂತಕಥೆ, ಚರಿತ್ರೆಯಲ್ಲ. ಹೆಸರು, ದಿನಾಂಕ, ಛಾಯಾಚಿತ್ರ ಎಲ್ಲವೂ ದಾಖಲಾಗಿರುವ ಎರಡು ಜೇಡಗಳ ನಿಜವಾದ ಚರಿತ್ರೆ ಇದು. ನನ್ನ ವಿದ್ಯಾರ್ಥಿಗಳಾಗಿದ್ದವರಿಗೆ ಇದರ ತುಣುಕುಗಳು ನೆನಪಿರಬಹುದು; ಗುರುತ್ವಾಕರ್ಷಣೆಯ ಪಾಠ ಬಂದಾಗಲೆಲ್ಲ ನಾನು ಇದನ್ನು ಹೇಳುತ್ತಿದ್ದೆ. ಆದರೆ ಆಗ ನಾನು ಹೇಳುತ್ತಿದ್ದ ಕಥೆಗೆ ಅಂತ್ಯವಿರಲಿಲ್ಲ. ಅಂತ್ಯ ಸಿಕ್ಕಿದ್ದು 2020ರಲ್ಲಿ, ನಾನು ನಿವೃತ್ತನಾದ ಮೇಲೆ. ಆದ್ದರಿಂದ ಅರ್ಧಕ್ಕೆ ನಿಂತ ಪಾಠವನ್ನು ಇಲ್ಲಿ ಮುಗಿಸುತ್ತಿದ್ದೇನೆ ಎಂದು ತಿಳಿಯಿರಿ.

ಕಿರೀಟವಿಟ್ಟ ಜೇಡ

ಯುರೋಪ್ ಮತ್ತು ಉತ್ತರ ಅಮೆರಿಕಗಳ ಕೈತೋಟಗಳಲ್ಲಿ ಹೇರಳವಾಗಿರುವ ಒಂದು ಜೇಡದ ಶಾಸ್ತ್ರೀಯ ನಾಮ ಅರೇನಿಯಸ್ ಡಯಾಡೆಮಾಟಸ್. ‘ಡಯಾಡೆಮ್’ ಎಂದರೆ ಕಿರೀಟ. ಇದರ ಬೆನ್ನಿನ ಮೇಲೆ ಬಿಳಿಯ ಚುಕ್ಕೆಗಳು ಶಿಲುಬೆಯಾಕಾರದಲ್ಲಿ ಜೋಡಣೆಗೊಂಡಿರುವುದರಿಂದ ಜನ ಇದನ್ನು ಶಿಲುಬೆ ಜೇಡವೆಂದೂ ಕರೆಯುತ್ತಾರೆ. ಹೆಣ್ಣು ಎಷ್ಟೇ ಬೆಳೆದರೂ ಅದರ ಮೈ ಎರಡು ಸೆಂಟಿಮೀಟರ್ ದಾಟದು. ಗಂಡು ಅದಕ್ಕಿಂತಲೂ ಚಿಕ್ಕದು.

ಇದಕ್ಕೆ ಈ ಹೆಸರಿಟ್ಟವನು ಸ್ವೀಡನ್ನಿನ ಕಾರ್ಲ್ ಕ್ಲರ್ಕ್. ಈತ ಪ್ರಾಧ್ಯಾಪಕನಲ್ಲ, ಸ್ಟಾಕ್‌ಹೋಮ್‌ನಲ್ಲಿ ಸರ್ಕಾರಿ ನೌಕರಿಯಲ್ಲಿದ್ದವನು. ಲಿನೇಯಸ್‌ನ ಉಪನ್ಯಾಸದಿಂದ ಪ್ರಭಾವಿತನಾಗಿ ಜೇಡಗಳ ಅಧ್ಯಯನಕ್ಕೆ ತೊಡಗಿ, 1757ರಲ್ಲಿ ಸ್ವೀಡನ್ನಿನ ಜೇಡಗಳನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದ. ಅರವತ್ತಕ್ಕೂ ಹೆಚ್ಚು ಪ್ರಭೇದಗಳನ್ನು ಅದರಲ್ಲಿ ವರ್ಣಿಸಿದ್ದಾನೆ.

ಇಲ್ಲೊಂದು ಸ್ವಾರಸ್ಯವಿದೆ. ಪ್ರಾಣಿಗಳ ಶಾಸ್ತ್ರೀಯ ನಾಮಕರಣವು ಲಿನೇಯಸ್‌ನ ‘ಸಿಸ್ಟೆಮಾ ನೇಚುರೇ’ ಗ್ರಂಥದ 1758ರ ಹತ್ತನೆಯ ಆವೃತ್ತಿಯಿಂದ ಆರಂಭವಾಗುತ್ತದೆಂದು ವಿಜ್ಞಾನಿಗಳು ಒಪ್ಪಿಕೊಂಡಿದ್ದಾರೆ. ಅದಕ್ಕಿಂತ ಹಿಂದಿನ ಹೆಸರುಗಳಿಗೆ ಮಾನ್ಯತೆಯಿಲ್ಲ. ಆದರೆ ಕ್ಲರ್ಕನ ಜೇಡಗಳಿಗೆ ಮಾತ್ರ ವಿನಾಯಿತಿ. ಗುರುವಿನ ಗ್ರಂಥಕ್ಕಿಂತ ಒಂದು ವರ್ಷ ಮೊದಲೇ ಬಂದ ಶಿಷ್ಯಸಮಾನನ ಹೆಸರುಗಳೇ ಇಂದಿಗೂ ಊರ್ಜಿತ. ಹೀಗೆ ಹೆಸರಿನ ದಾಖಲೆಯಲ್ಲಿ ಜೇಡವು ಆನೆ ಸಿಂಹಗಳಿಗಿಂತಲೂ ಹಿರಿಯದು!

ದಿನಕ್ಕೊಂದು ಮನೆ

ಮುಂದಿನ ಕಥೆ ತಿಳಿಯಬೇಕಾದರೆ ಈ ಜೇಡ ಬಲೆ ಕಟ್ಟುವ ಕ್ರಮವನ್ನು ಸ್ವಲ್ಪ ನೋಡಬೇಕು. ಮೊದಲಿಗೆ ಅದು ಎತ್ತರದ ಒಂದೆಡೆ ಕುಳಿತು ಗಾಳಿಗೆ ಒಂದು ಎಳೆಯನ್ನು ಬಿಡುತ್ತದೆ. ಎಳೆಯ ತುದಿ ಎದುರಿನ ಕೊಂಬೆಗೆ ಅಂಟಿದರೆ ಸೇತುವೆ ಸಿದ್ಧ. ಆ ಸೇತುವೆಯಿಂದ ಕೆಳಗಿಳಿದು, ಎಳೆಗಳನ್ನು ಬಿಗಿದು ಚೌಕಟ್ಟು ಕಟ್ಟುತ್ತದೆ. ಬಳಿಕ ಗಾಡಿಯ ಚಕ್ರದ ಅರಗಳಂತೆ ನಡುವಿನಿಂದ ಅಂಚಿನವರೆಗೆ ನೂಲುಗಳನ್ನು ಎಳೆಯುತ್ತದೆ. ಅನಂತರ ನಡುವಿನಿಂದ ಹೊರಕ್ಕೆ ಅಂಟಿಲ್ಲದ ಒಂದು ತಾತ್ಕಾಲಿಕ ಸುರುಳಿ. ಅದು ಮೇಸ್ತ್ರಿ ಕಟ್ಟುವ ಸಾರುವೆಯಂತೆ. ಕೊನೆಗೆ ಅಂಚಿನಿಂದ ಒಳಕ್ಕೆ ಬರುತ್ತ, ಸಾರುವೆಯನ್ನು ಬಿಚ್ಚುತ್ತ, ಅಂಟುಳ್ಳ ನಿಜವಾದ ಸುರುಳಿಯನ್ನು ಹೂಡುತ್ತದೆ. ಇಷ್ಟೆಲ್ಲವೂ ಬೆಳಗಿನ ಜಾವದ ಕತ್ತಲಲ್ಲಿ ನಡೆದುಹೋಗುತ್ತದೆ. ಬಲೆ ಹಳೆಯದಾದರೆ ಅದನ್ನು ತಿಂದು ಅದೇ ಸತ್ತ್ವದಿಂದ ಹೊಸ ನೂಲು ತೆಗೆಯುತ್ತದೆ. ಉಪನಿಷತ್ತಿನ ಋಷಿ ಕಂಡದ್ದು ಸುಳ್ಳಲ್ಲ.

ಗಮನಿಸಬೇಕಾದ ಇನ್ನೊಂದು ಸಂಗತಿ: ಈ ಬಲೆಯ ಕೇಂದ್ರ ನಟ್ಟನಡುವೆ ಇರುವುದಿಲ್ಲ, ತುಸು ಮೇಲಕ್ಕಿರುತ್ತದೆ. ಜೇಡವು ಕೇಂದ್ರದಲ್ಲಿ ತಲೆ ಕೆಳಗಾಗಿ ಕಾದಿರುತ್ತದೆ. ಏಕೆಂದರೆ ಬಿದ್ದ ಹುಳುವಿನ ಬಳಿಗೆ ಮೇಲಕ್ಕೆ ಹತ್ತುವುದಕ್ಕಿಂತ ಕೆಳಕ್ಕೆ ಓಡುವುದು ಸುಲಭ. ಅದಕ್ಕಾಗಿ ಬಲೆಯ ಕೆಳಭಾಗವೇ ದೊಡ್ಡದು. ಅಂದರೆ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಅರಿವು ಈ ಕಟ್ಟಡದ ನಕ್ಷೆಯಲ್ಲೇ ಸೇರಿಕೊಂಡಿದೆ. ಮೇಲು ಕೆಳಗುಗಳೇ ಇಲ್ಲದ ಕಡೆ ಈ ನಕ್ಷೆಯ ಗತಿಯೇನು? ಇದೇ ನಮ್ಮ ಕಥೆಯ ಬೀಜ.

ನಿದ್ದೆಗೆಟ್ಟ ಪ್ರಾಧ್ಯಾಪಕ

1948ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಹಾನ್ಸ್ ಪೀಟರ್ಸ್ ಜೇಡ ಬಲೆ ಕಟ್ಟುವುದನ್ನು ಚಲನಚಿತ್ರವಾಗಿ ತೆಗೆಯಬೇಕೆಂದಿದ್ದರು. ಆದರೆ ಜೇಡಗಳು ಕೆಲಸಕ್ಕಿಳಿಯುತ್ತಿದ್ದುದು ಬೆಳಗಿನ ಎರಡರಿಂದ ಐದು ಗಂಟೆಯ ನಡುವೆ. ನಿದ್ದೆಗೆಟ್ಟು ಬೇಸತ್ತ ಪ್ರಾಧ್ಯಾಪಕರು, ಔಷಧಶಾಸ್ತ್ರ ವಿಭಾಗದಲ್ಲಿದ್ದ ಪೀಟರ್ ವಿಟ್ ಎಂಬ ತರುಣನನ್ನು ಕೇಳಿದರು: ಯಾವುದಾದರೂ ಔಷಧಿ ಕೊಟ್ಟು ಈ ಜೇಡಗಳ ಕೆಲಸದ ವೇಳೆಯನ್ನು ಬದಲಿಸಲು ಸಾಧ್ಯವೇ?

ವಿಟ್ ಸಕ್ಕರೆ ನೀರಿನ ಹನಿಯಲ್ಲಿ ಒಂದೊಂದೇ ಔಷಧಿಯನ್ನು ಬೆರೆಸಿ ಜೇಡಗಳಿಗೆ ಕುಡಿಸಿದರು. ಬಲೆ ಕಟ್ಟುವ ವೇಳೆ ಕಿಂಚಿತ್ತೂ ಬದಲಾಗಲಿಲ್ಲ. ಪ್ರಾಧ್ಯಾಪಕರ ನಿದ್ದೆಯ ಸಮಸ್ಯೆ ಹಾಗೆಯೇ ಉಳಿಯಿತು. ಆದರೆ ಬಲೆಯ ಆಕಾರ ಬದಲಾಯಿತು! ಒಂದೊಂದು ಔಷಧಿಗೆ ಒಂದೊಂದು ಬಗೆಯ ವಿಕಾರ. ಕಾಫಿಯಲ್ಲಿರುವ ಕೆಫೀನ್ ಕುಡಿದ ಜೇಡದ ಬಲೆಯಂತೂ ಅಡ್ಡಾದಿಡ್ಡಿ ಎಳೆಗಳ ಗೋಜಲಾಗಿತ್ತು. (ಚಿಕ್ಕಮಗಳೂರಿನ ನನ್ನ ಬಂಧುಗಳು ಗಾಬರಿಪಡಬೇಕಾಗಿಲ್ಲ, ಜೇಡದ ಮೈಗೂ ನಮ್ಮ ಮೈಗೂ ಅಜಗಜಾಂತರವಿದೆ.) ಮುಂದೆ ಅಮೆರಿಕಕ್ಕೆ ಹೋಗಿ ನೆಲೆಸಿದ ವಿಟ್ ಜೀವಮಾನವಿಡೀ ಜೇಡದ ಬಲೆಗಳನ್ನು ಅಳೆದರು. ಅರಗಳ ಸಂಖ್ಯೆ, ಅವುಗಳ ನಡುವಣ ಕೋನ, ಸುರುಳಿಗಳ ಅಂತರ, ನೂಲಿನ ಉದ್ದ ಎಲ್ಲವೂ ಲೆಕ್ಕಕ್ಕೆ ಬಂದವು. ಅವರ ಪ್ರಯೋಗಶಾಲೆಯ ಮುಖ್ಯ ಪಾತ್ರಧಾರಿ ನಮ್ಮ ಶಿಲುಬೆ ಜೇಡ. 1995ರಲ್ಲಿ ನಾಸಾದ ಮಾರ್ಷಲ್ ಕೇಂದ್ರದವರು ಇಂಥದೇ ಪ್ರಯೋಗವನ್ನು ಮತ್ತೆ ನಡೆಸಿದರು.

ಇದರ ಮಹತ್ವ ಇಷ್ಟು: ಜೇಡದ ನರಮಂಡಲದಲ್ಲಿ ಏನಾಗುತ್ತಿದೆ ಎಂಬುದನ್ನು ಅದರ ಬಲೆಯೇ ಬರೆದು ತೋರಿಸುತ್ತದೆ. ಬಾಯಿಲ್ಲದ ಜೀವಿಗೆ ಬಲೆಯೇ ಬರಹ. ಓದಲು ಬಲ್ಲವರು ಬೇಕು.

ಲೆಕ್ಸಿಂಗ್ಟನ್ನಿನ ಹುಡುಗಿಯ ಪ್ರಶ್ನೆ

1970ರ ದಶಕದ ಆರಂಭದಲ್ಲಿ ನಾಸಾ ಸಂಸ್ಥೆಯು ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣವನ್ನು ಸಿದ್ಧಪಡಿಸುತ್ತಿತ್ತು. ಆಗ ಅಲ್ಲಿನ ವಿಜ್ಞಾನ ಶಿಕ್ಷಕರ ರಾಷ್ಟ್ರೀಯ ಸಂಘದೊಡನೆ ಸೇರಿ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಒಂದು ಸ್ಪರ್ಧೆ ಏರ್ಪಡಿಸಿತು: ಸ್ಕೈಲ್ಯಾಬಿನಲ್ಲಿ ಯಾವ ಪ್ರಯೋಗ ಮಾಡಬೇಕು, ನೀವೇ ಸೂಚಿಸಿ. 3,400ಕ್ಕೂ ಹೆಚ್ಚು ಪ್ರಸ್ತಾವನೆಗಳು ಬಂದವು. ಆಯ್ಕೆಯಾದವು ಕೇವಲ 25. ಅವುಗಳಲ್ಲೊಂದು ಮ್ಯಾಸಚೂಸೆಟ್ಸ್ ರಾಜ್ಯದ ಲೆಕ್ಸಿಂಗ್ಟನ್ ಎಂಬ ಊರಿನ ಜುಡಿತ್ ಮೈಲ್ಸ್ ಎಂಬ ಹುಡುಗಿಯದು. ಇದೇ ಲೆಕ್ಸಿಂಗ್ಟನ್ನಿನಲ್ಲಿ 1775ರಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಮೊದಲ ಗುಂಡುಗಳು ಹಾರಿದ್ದವೆಂಬುದನ್ನು ಸಮಾಜಪಾಠದಲ್ಲಿ ಓದಿದ್ದೀರಿ.

ಹದಿಹರೆಯದ ಆ ಹುಡುಗಿ ಕೇಳಿದ ಪ್ರಶ್ನೆ ಎರಡೇ ಮಾತಿನದು. ತೂಕವೇ ಇಲ್ಲದ ಕಡೆ ಜೇಡ ಬಲೆ ಕಟ್ಟಬಲ್ಲುದೆ? ಕಟ್ಟಿದರೆ ಅದು ಭೂಮಿಯ ಮೇಲಿನ ಬಲೆಯಂತೆಯೇ ಇರುವುದೆ?

ವಿಟ್ ಅವರ ಸಂಶೋಧನೆಯ ಹಿನ್ನೆಲೆಯಲ್ಲಿ ನೋಡಿದರೆ ಈ ಪ್ರಶ್ನೆಯ ಆಳ ತಿಳಿಯುತ್ತದೆ. ತೂಕವಿಲ್ಲದ ಸ್ಥಿತಿ ನರಮಂಡಲವನ್ನು ಏನು ಮಾಡುತ್ತದೆಂಬುದು ಆಗ ಎಲ್ಲರ ಚಿಂತೆಯಾಗಿತ್ತು. ಬಲೆಯು ನರಮಂಡಲದ ಕನ್ನಡಿಯಾದರೆ, ಬಾಹ್ಯಾಕಾಶದಲ್ಲಿ ಜೇಡಕ್ಕಿಂತ ಒಳ್ಳೆಯ ಸಾಕ್ಷಿ ಇನ್ನಾವುದು?

ಇಲ್ಲಿ ಪಾಠದ ಒಂದು ಮಾತನ್ನು ನೆನಪಿಸಿದರೆ ಬೇಸರಿಸಬೇಡಿ, ಅಭ್ಯಾಸಬಲ! ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವಾಕರ್ಷಣೆ ಇಲ್ಲವೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಸ್ಕೈಲ್ಯಾಬ್ ಸುತ್ತುತ್ತಿದ್ದ ಸುಮಾರು 435 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿನದರ ಶೇಕಡ 88ರಷ್ಟು ಇದ್ದೇ ಇರುತ್ತದೆ. ಆದರೆ ನಿಲ್ದಾಣವೂ ಅದರೊಳಗಿನ ಸಕಲವೂ ಒಟ್ಟಿಗೇ ಭೂಮಿಯ ಸುತ್ತ ‘ಬೀಳುತ್ತಲೇ’ ಇರುವುದರಿಂದ ಒಳಗಿದ್ದವರಿಗೆ ತೂಕದ ಅನುಭವವಾಗುವುದಿಲ್ಲ. ಹಗ್ಗ ಕಡಿದ ಬಾವಿಯ ಕೊಡ ಬೀಳುವಾಗ ಅದರೊಳಗಿನ ನೀರಿನ ಸ್ಥಿತಿಯನ್ನು ಊಹಿಸಿಕೊಳ್ಳಿ.

ಸ್ಕೈಲ್ಯಾಬಿನಲ್ಲಿ

1973ರ ಮೇ 14ರಂದು ಸ್ಕೈಲ್ಯಾಬ್ ಉಡಾವಣೆಯಾಯಿತು. ಏರುವಾಗಲೇ ಅದರ ರಕ್ಷಾಕವಚ ಕಿತ್ತುಹೋಗಿ, ಸೌರಫಲಕವೊಂದು ಕಳಚಿ, ಯೋಜನೆಯೇ ಮುಳುಗುವಂತಾಗಿತ್ತು. ಮೊದಲ ತಂಡದವರು ಹೋಗಿ ದುರಸ್ತಿ ಮಾಡಿದರು. ಜುಲೈ 28ರಂದು ಹೊರಟ ಎರಡನೆಯ ತಂಡದಲ್ಲಿ ಆಲನ್ ಬೀನ್, ಓವನ್ ಗ್ಯಾರಿಯಟ್, ಜ್ಯಾಕ್ ಲೌಸ್ಮಾ ಎಂಬ ಮೂವರು ಗಗನಯಾತ್ರಿಗಳಿದ್ದರು. ಅವರೊಡನೆ ಪುಟ್ಟ ಸೀಸೆಗಳಲ್ಲಿ ಎರಡು ಹೆಣ್ಣು ಶಿಲುಬೆ ಜೇಡಗಳು. ಅವುಗಳ ಹೆಸರು ಅರಬೆಲ್ಲಾ ಮತ್ತು ಅನಿಟಾ.

ಆಗಸ್ಟ್ 5ರಂದು ಗ್ಯಾರಿಯಟ್ ಅರಬೆಲ್ಲಾಳ ಸೀಸೆಯನ್ನು ಪ್ರಯೋಗದ ಪೆಟ್ಟಿಗೆಗೆ ಜೋಡಿಸಿ ತೆರೆದರು. ಆಕೆ ಹೊರಬರಲೇ ಇಲ್ಲ! ಕೊನೆಗೆ ಕೊಡವಿ ಹೊರಹಾಕಬೇಕಾಯಿತು. ಹೊರಬಂದವಳು ನೆಲ ಕಾಣದೆ ಗಾಳಿಯಲ್ಲಿ ಈಜುವವಳಂತೆ ಕಾಲು ಬಡಿದಳು. ಎಂಟು ಕಾಲಿದ್ದರೂ ಊರಲು ಒಂದು ಜಾಗವಿಲ್ಲದವಳ ಪಾಡು ಅದು. ಸ್ವಲ್ಪ ಹೊತ್ತಿನ ಮೇಲೆ ಹೇಗೋ ಅಂಚೊಂದನ್ನು ಹಿಡಿದಳು. ಮೊದಲ ದಿನ ಒಂದು ಮೂಲೆಯಲ್ಲಿ ಅರೆಬರೆ ಬಲೆ. ಮರುದಿನ ನೋಡಿದರೆ ಪೂರ್ತಿ ಬಲೆ ಸಿದ್ಧ! ವಕ್ರವಾಗಿತ್ತು ನಿಜ, ಆದರೆ ಅರ, ಸುರುಳಿ, ಕೇಂದ್ರ ಎಲ್ಲವೂ ಇದ್ದ ಬಲೆ.

ಗಾಳಿಯಿಲ್ಲದ ಪೆಟ್ಟಿಗೆ, ಕೆಳಗೆ ತೂಗುಬೀಳಲು ತೂಕವಿಲ್ಲದ ಮೈ, ಕೋಟ್ಯಂತರ ವರ್ಷಗಳಿಂದ ಆ ಕುಲದ ಯಾವ ಪೂರ್ವಜೆಯೂ ಕಾಣದ ಪರಿಸ್ಥಿತಿ. ಆದರೂ ಕೈಗೂಡಿಸಿಕೊಳ್ಳಲು ಆಕೆಗೆ ಬೇಕಾದದ್ದು ಒಂದೆರಡು ದಿನ ಮಾತ್ರ. ಮನುಷ್ಯರಾದ ಗಗನಯಾತ್ರಿಗಳೂ ಆ ತಂಡದಲ್ಲಿ ಮೊದಲ ಕೆಲವು ದಿನ ಹೊಟ್ಟೆ ತೊಳಸುವ ತೊಂದರೆಯಿಂದ ಬಳಲಿದ್ದರು.

ಇದನ್ನು ಕಂಡು ಉತ್ಸಾಹಗೊಂಡ ಯಾತ್ರಿಗಳು ಪ್ರಯೋಗವನ್ನು ಮುಂದುವರಿಸಿದರು. ತಮ್ಮ ಊಟದ ಮಾಂಸದ ಚೂರುಗಳನ್ನೂ ನೀರನ್ನೂ ಜೇಡಗಳಿಗೆ ಕೊಟ್ಟರು. ಆಗಸ್ಟ್ 13ರಂದು ಬಲೆಯ ಅರ್ಧಭಾಗವನ್ನು ತೆಗೆದರು, ಹೊಸದು ಕಟ್ಟಲಿ ಎಂದು. ಆಕೆ ಉಳಿದರ್ಧವನ್ನು ತಿಂದು ಸುಮ್ಮನೆ ಕುಳಿತಳು. ಸಾಕಷ್ಟು ನೀರು ಸಿಕ್ಕ ಮೇಲೆಯೇ ಕೆಲಸ ಆರಂಭಿಸಿದ್ದು. ಹಾಗೆ ಕಟ್ಟಿದ ಎರಡನೆಯ ಬಲೆ ಮೊದಲಿನದಕ್ಕಿಂತ ಅಚ್ಚುಕಟ್ಟಾಗಿತ್ತು. ಅನಂತರ ಅನಿಟಾಳ ಸರದಿ. ಆಕೆಯೂ ಬಲೆ ಕಟ್ಟಿದಳು.

ಅನಿಟಾ ಸೆಪ್ಟೆಂಬರ್ 16ರಂದು ಬಾಹ್ಯಾಕಾಶದಲ್ಲೇ ಸತ್ತಳು. 59 ದಿನಗಳ ಯಾತ್ರೆ ಮುಗಿಸಿ ಸೆಪ್ಟೆಂಬರ್ 25ರಂದು ತಂಡ ಮರಳಿದಾಗ ಅರಬೆಲ್ಲಾ ಕೂಡ ಜೀವಂತವಾಗಿರಲಿಲ್ಲ. ಆಹಾರ ನೀರುಗಳ ಕೊರತೆಯೇ ಕಾರಣವೆಂದು ತಿಳಿದುಬಂತು. ಆ ಪುಟ್ಟ ದೇಹಗಳು ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹ ಸೇರಿದವು. ಎರಡು ಸೆಂಟಿಮೀಟರಿನ ಜೀವವಾದರೇನು, ಅವು ನಮ್ಮ ಪ್ರಶ್ನೆಗಾಗಿ ಸತ್ತವು ಎಂಬುದನ್ನು ತರಗತಿಯಲ್ಲಿ ಹೇಳದೆ ನಾನು ಎಂದೂ ಮುಂದೆ ಹೋಗುತ್ತಿರಲಿಲ್ಲ.

ತಂದ ನೂಲನ್ನೂ ತೆಗೆದ ಚಿತ್ರಗಳನ್ನೂ ಪರೀಕ್ಷಿಸಿದವರು ಬೇರೆ ಯಾರೂ ಅಲ್ಲ, ಪೀಟರ್ ವಿಟ್ ಮತ್ತು ಸಂಗಡಿಗರು. 1977ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಬಾಹ್ಯಾಕಾಶದ ನೂಲು ಭೂಮಿಯ ನೂಲಿಗಿಂತ ತೆಳುವಾಗಿತ್ತು. ಒಂದೆಡೆ ತೆಳು, ಒಂದೆಡೆ ದಪ್ಪವಾಗಿ ವ್ಯತ್ಯಾಸವೂ ಇತ್ತು. ಇದು ಭೂಮಿಯ ಮೇಲೆ ಕಂಡುಬರದ ಲಕ್ಷಣ. ಜೇಡವು ತನ್ನ ಮೈಭಾರಕ್ಕೆ ತಕ್ಕಂತೆ ನೂಲಿನ ದಪ್ಪವನ್ನು ಹೊಂದಿಸಿಕೊಳ್ಳುತ್ತದೆ. ಭಾರವೇ ಇಲ್ಲದಾಗ ಲೆಕ್ಕ ತಪ್ಪುವುದು ಸಹಜ.

ಆದರೆ ಮುಖ್ಯ ಪ್ರಶ್ನೆ ಹಾಗೆಯೇ ಉಳಿಯಿತು. ಮೇಲು ಕೆಳಗು ತಿಳಿಯದ ಕಡೆ ಬಲೆಯ ನಕ್ಷೆಗೆ ದಿಕ್ಕು ತೋರಿದ್ದು ಯಾವುದು? ಎರಡೇ ಜೇಡ, ಕೆಲವೇ ಬಲೆ, ಕೆಲವೇ ಚಿತ್ರಗಳಿಂದ ಇದನ್ನು ನಿರ್ಧರಿಸುವಂತಿರಲಿಲ್ಲ.

ನಮ್ಮೂರ ಮೇಲೆ ಬೀಳಲಿದ್ದ ಸ್ಕೈಲ್ಯಾಬ್

ನನ್ನ ಓರಗೆಯವರಿಗೆ ಸ್ಕೈಲ್ಯಾಬ್ ಎಂದರೆ ನೆನಪಾಗುವುದು ಜೇಡವಲ್ಲ, 1979ರ ಜುಲೈ ತಿಂಗಳು. ಸುಮಾರು 77 ಟನ್ ಭಾರದ ಆ ನಿಲ್ದಾಣ ಕಕ್ಷೆ ತಪ್ಪಿ ಭೂಮಿಗೆ ಬೀಳಲಿದೆ, ಎಲ್ಲಿ ಬೀಳುವುದೋ ಹೇಳಲಾಗದು ಎಂಬ ಸುದ್ದಿ ಆಕಾಶವಾಣಿಯಲ್ಲಿ ದಿನವೂ ಬರುತ್ತಿತ್ತು. ನಾನಾಗ ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೇರುವ ಹವಣಿಕೆಯಲ್ಲಿದ್ದೆ. ನಮ್ಮ ಹಳ್ಳಿಯಲ್ಲಿ ಪ್ರಳಯವೇ ಬಂತೆಂಬ ಗದ್ದಲ. ಇನ್ನು ಉಳಿಸಿ ಯಾರಿಗೆ ಎಂದು ಕೋಳಿ ಕುರಿಗಳನ್ನು ಕೊಯ್ದು ಉಂಡವರಿದ್ದರು. ದೇವರಿಗೆ ಹರಕೆ ಹೊತ್ತವರಿದ್ದರು. ಕೊಟ್ಟ ಸಾಲ ಕೇಳಲು ಹೋದವರಿಗೆ “ಸ್ಕೈಲ್ಯಾಬ್ ಬಿದ್ದ ಮೇಲೆ ನೋಡೋಣ” ಎಂಬ ಉತ್ತರ ಸಿಗುತ್ತಿತ್ತು. ನನ್ನ ಅಜ್ಜಿ ಮಾತ್ರ ಎಂದಿನಂತೆ ಹಿತ್ತಲಿನಲ್ಲಿ ಹೀರೆಬೀಜ ಊರಿ, “ಬಿದ್ದರೆ ಬೀಳಲಿ, ಬೀಳದಿದ್ದರೆ ಪಲ್ಯಕ್ಕಾಯಿತು” ಎಂದಿದ್ದರು.

ಜುಲೈ 11ರಂದು ಅದು ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯದ ಎಸ್ಪರೆನ್ಸ್ ಎಂಬ ಊರಿನ ಸುತ್ತಮುತ್ತ. ಯಾರಿಗೂ ಅಪಾಯವಾಗಲಿಲ್ಲ. ರಸ್ತೆಯಲ್ಲಿ ಕಸ ಎಸೆದದ್ದಕ್ಕಾಗಿ ಅಲ್ಲಿನ ಸ್ಥಳೀಯ ಆಡಳಿತವು ನಾಸಾಕ್ಕೆ ತಮಾಷೆಗಾಗಿ 400 ಡಾಲರ್ ದಂಡ ವಿಧಿಸಿತಂತೆ! ನಾವು ಹೆದರಿದ್ದ ಆ ಲೋಹದ ರಾಶಿಯೊಳಗೆ ಆರು ವರ್ಷಗಳ ಹಿಂದೆ ಒಂದು ಜೇಡ ಬಲೆ ಕಟ್ಟಿತ್ತೆಂಬುದು ನನಗೆ ತಿಳಿದದ್ದು ಶಿಕ್ಷಕನಾದ ಮೇಲೆ, ಶಾಲೆಗೆ ಬರುತ್ತಿದ್ದ ವಿಜ್ಞಾನ ಪತ್ರಿಕೆಯೊಂದರಿಂದ. ಅಂದಿನಿಂದ ಇದು ನನ್ನ ಪಾಠದ ಭಾಗವಾಯಿತು.

ಕೊಲಂಬಿಯಾ

2003ರ ಜನವರಿ 16ರಂದು ಹೊರಟ ಕೊಲಂಬಿಯಾ ನೌಕೆಯಲ್ಲಿ ಮತ್ತೆ ಜೇಡಗಳಿದ್ದವು. ಈ ಬಾರಿ ಪ್ರಶ್ನೆ ಕೇಳಿದವರು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಗ್ಲೆನ್ ವೇವರ್ಲಿ ಸೆಕೆಂಡರಿ ಕಾಲೇಜಿನ ವಿದ್ಯಾರ್ಥಿಗಳು. ಜೇಡಗಳು ಅವರ ಊರಿನ ತೋಟದ ಜೇಡಗಳು. ಆ ನೌಕೆಯ ಏಳು ಮಂದಿಯಲ್ಲಿ ನಮ್ಮ ಕರ್ನಾಲ್‌ನಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ ಕೂಡ ಒಬ್ಬರು. ಫೆಬ್ರುವರಿ 1ರಂದು ಏನಾಯಿತೆಂದು ನಿಮಗೆ ಗೊತ್ತಿದೆ. ನೌಕೆ ಮರಳುವ ದಾರಿಯಲ್ಲಿ ಛಿದ್ರವಾಯಿತು, ಯಾರೂ ಉಳಿಯಲಿಲ್ಲ.

ಅಂದಿನ ಸೋಮವಾರದ ಪ್ರಾರ್ಥನೆಯಲ್ಲಿ ನಮ್ಮ ಶಾಲೆಯ ಮಕ್ಕಳು ಎರಡು ನಿಮಿಷ ಮೌನವಾಗಿ ನಿಂತದ್ದು ಹಲವರಿಗೆ ನೆನಪಿದ್ದೀತು. ಕೆಲವೇ ದಿನಗಳಲ್ಲಿ ಭಾರತದ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್‌ಗೆ ಕಲ್ಪನಾ-1 ಎಂದು ಮರುನಾಮಕರಣವಾಯಿತು. ಆ ಆಸ್ಟ್ರೇಲಿಯದ ಮಕ್ಕಳ ಕುರಿತು ನಾನು ಆಗ ಬಹಳ ಯೋಚಿಸಿದ್ದೆ. ತಮ್ಮ ಪ್ರಯೋಗದ ಫಲಿತಾಂಶಕ್ಕಾಗಿ ಎದುರುನೋಡುತ್ತಿದ್ದ ಮಕ್ಕಳಿಗೆ ಬಂದ ಸುದ್ದಿ ಎಂಥದು! ಅವರ ಶಿಕ್ಷಕರು ಮರುದಿನ ತರಗತಿಗೆ ಹೋಗಿ ಏನು ಹೇಳಿರಬಹುದು? ಆ ಸ್ಥಾನದಲ್ಲಿ ನಾನಿದ್ದರೆ ನನಗೆ ಮಾತು ಹೊರಡುತ್ತಿತ್ತೆಂದು ತೋರುವುದಿಲ್ಲ.

ದೀಪ ಕೊಟ್ಟ ಉತ್ತರ

ಮುಂದಿನ ಪ್ರಯತ್ನ 2008ರ ನವೆಂಬರಿನಲ್ಲಿ. ಎರಡು ಜೇಡಗಳನ್ನು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿದರು. ಒಂದು ಪ್ರಯೋಗಕ್ಕೆ, ಇನ್ನೊಂದು ಮೀಸಲು. ಮೀಸಲು ಜೇಡ ತನ್ನ ಕೋಣೆಯಿಂದ ತಪ್ಪಿಸಿಕೊಂಡು ಮುಖ್ಯ ಪೆಟ್ಟಿಗೆಗೆ ನುಗ್ಗಿತು. ಒಂದರ ಎಳೆ ಇನ್ನೊಂದಕ್ಕೆ ಸಿಕ್ಕು ಬಲೆಗಳು ಕೆಟ್ಟವು. ಆಹಾರಕ್ಕೆಂದು ಇಟ್ಟಿದ್ದ ನೊಣಗಳು ಎಣಿಸಿದ್ದಕ್ಕಿಂತ ವೇಗವಾಗಿ ಸಂತಾನ ಬೆಳೆಸಿ, ಮರಿಹುಳುಗಳು ಪೆಟ್ಟಿಗೆಯ ಗಾಜಿನ ತುಂಬ ಹರಿದಾಡಿ, ತಿಂಗಳಾಗುವಷ್ಟರಲ್ಲಿ ಒಳಗೆ ಜೇಡವಿದೆಯೋ ಇಲ್ಲವೋ ಕಾಣದಾಯಿತು. ಪ್ರಾಯೋಗಿಕ ಪರೀಕ್ಷೆಯ ದಿನ ನಮ್ಮ ಶಾಲಾ ಪ್ರಯೋಗಾಲಯದಲ್ಲಿ ಆಗುತ್ತಿದ್ದ ಅವಾಂತರಗಳು ನಾಸಾವನ್ನೂ ಬಿಟ್ಟಿಲ್ಲವೆಂದು ಸಮಾಧಾನಪಡಬಹುದು.

ಡೆನ್ವರ್ ವಸ್ತುಸಂಗ್ರಹಾಲಯದ ಪೌಲಾ ಕುಶಿಂಗ್ ಅವರು ಹಾಗೆಂದು ಕೈಚೆಲ್ಲಲಿಲ್ಲ. 2011ರಲ್ಲಿ ಮತ್ತೊಂದು ಪ್ರಯೋಗ. ಈ ಬಾರಿ ಬೇರೆ ಜಾತಿ, ಹೊನ್ನಿನ ಬಣ್ಣದ ನೂಲು ತೆಗೆಯುವ ಜೇಡ. ನಾಲ್ಕು ಹೆಣ್ಣು ಮರಿಗಳನ್ನು ಆರಿಸಿ ಎರಡನ್ನು ನಿಲ್ದಾಣಕ್ಕೆ ಕಳುಹಿಸಿ, ಎರಡನ್ನು ಭೂಮಿಯ ಮೇಲೆ ಅಂಥದೇ ಪೆಟ್ಟಿಗೆಗಳಲ್ಲಿ ಇಡುವುದೆಂದು ಯೋಜನೆ. ಬೆಳೆದ ಮೇಲೆ ನೋಡಿದರೆ ನಾಲ್ಕರಲ್ಲಿ ಎರಡು ಗಂಡು! ಸುದೈವವೆಂದರೆ ಒಂದು ಗಂಡು ಮೇಲಿತ್ತು, ಒಂದು ಕೆಳಗಿತ್ತು, ಹೋಲಿಕೆ ಕೆಡಲಿಲ್ಲ. ಐದು ನಿಮಿಷಕ್ಕೊಮ್ಮೆ ಕ್ಯಾಮೆರಾ ಚಿತ್ರ ತೆಗೆಯಿತು. ಸುಮಾರು ನೂರು ಬಲೆಗಳು, ಹದಿನಾಲ್ಕು ಸಾವಿರಕ್ಕೂ ಮೀರಿದ ಚಿತ್ರಗಳು. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಚೋಕ್ಕೆ ಅವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಫಲಿತಾಂಶ 2020ರ ಡಿಸೆಂಬರಿನಲ್ಲಿ ಬೆಳಕಿಗೆ ಬಂತು.

ತೂಕವಿಲ್ಲದ ಕಡೆ ಕಟ್ಟಿದ ಬಲೆಗಳು, ನಿರೀಕ್ಷೆಯಂತೆ, ಭೂಮಿಯ ಬಲೆಗಳಿಗಿಂತ ಸಮಸಮವಾಗಿದ್ದವು. ಕೇಂದ್ರ ನಡುವಿಗೆ ಹತ್ತಿರವಾಗಿತ್ತು, ಜೇಡ ಯಾವಾಗಲೂ ತಲೆ ಕೆಳಗಾಗಿ ಕೂರುತ್ತಿರಲಿಲ್ಲ. ಆದರೆ ಎಲ್ಲ ಬಲೆಗಳೂ ಹಾಗಿರಲಿಲ್ಲ. ಕೆಲವು ಥೇಟ್ ಭೂಮಿಯ ಬಲೆಗಳಂತೆ ಕೇಂದ್ರ ಒಂದು ಬದಿಗಿದ್ದವು. ಏನು ವ್ಯತ್ಯಾಸವೆಂದು ಹುಡುಕಿದರೆ, ಅವು ಪೆಟ್ಟಿಗೆಯ ದೀಪ ಉರಿಯುತ್ತಿದ್ದಾಗ ಕಟ್ಟಲು ತೊಡಗಿದ ಬಲೆಗಳು! ದೀಪವಿದ್ದದ್ದು ಪೆಟ್ಟಿಗೆಯ ಒಂದು ತುದಿಯಲ್ಲಿ. ಜೇಡಗಳು ಬೆಳಕು ಬರುವ ಕಡೆಯನ್ನೇ ‘ಮೇಲು’ ಎಂದು ತಿಳಿದು, ಅದಕ್ಕೆ ಬೆನ್ನಾಗಿ ಕುಳಿತು, ಬಲೆಯ ನಕ್ಷೆಯನ್ನು ಹೂಡಿದ್ದವು. ಅಂದರೆ ಸೆಳೆತ ದಿಕ್ಕು ತೋರದಿದ್ದಾಗ ಬೆಳಕು ದಿಕ್ಕು ತೋರುತ್ತದೆ.

ಬೆಳಕಿಗೂ ಬಲೆಗೂ ಸಂಬಂಧವಿರಬಹುದೆಂದು ಪ್ರಯೋಗ ಹೂಡಿದವರು ಊಹಿಸಿಯೇ ಇರಲಿಲ್ಲ. ದೀಪಗಳಿದ್ದದ್ದು ಚಿತ್ರ ತೆಗೆಯಲೆಂದು. ಅವು ನಾಲ್ಕು ಕಡೆಯೂ ಇದ್ದಿದ್ದರೆ ಈ ಸತ್ಯ ಹೊರಬೀಳುತ್ತಿರಲಿಲ್ಲ. ಟ್ಯೂಬಿಂಗನ್ನಿನಲ್ಲಿ ನಿದ್ದೆಗಾಗಿ ಹೊರಟವರಿಗೆ ನರಮಂಡಲದ ಲಿಪಿ ಸಿಕ್ಕಿತು. ಇಲ್ಲಿ ಕ್ಯಾಮೆರಾಕ್ಕಾಗಿ ಹಚ್ಚಿದ ದೀಪ ಉತ್ತರವನ್ನು ತೋರಿಸಿತು.

ನಲವತ್ತೇಳು ವರ್ಷ

1973ರಿಂದ 2020. ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಯ ಎರಡನೆಯ ಭಾಗಕ್ಕೆ ಸಮರ್ಪಕ ಉತ್ತರ ದೊರೆಯಲು ಹಿಡಿದದ್ದು 47 ವರ್ಷ. ಪ್ರಶ್ನೆ ಕೇಳಿದ ಹುಡುಗಿ ಅಷ್ಟರಲ್ಲಿ ಅರವತ್ತು ದಾಟಿದ್ದರು. ಬಲೆಗಳನ್ನು ಓದಲು ಕಲಿಸಿದ ವಿಟ್ 1998ರಲ್ಲೇ ತೀರಿಕೊಂಡಿದ್ದರು. ಜೇಡಗಳನ್ನು ಕಳುಹಿಸಿದ್ದು ಬರಿಯ ಪ್ರಚಾರದ ಆಟವೆಂದು ಹೇಳುವವರಿದ್ದಾರೆ. ಮಕ್ಕಳ ಜೇಡಕ್ಕಾಗಿ ಅಷ್ಟು ದುಡ್ಡೇಕೆ ಎಂದು ನನ್ನ ಸಹೋದ್ಯೋಗಿಗಳಲ್ಲೇ ಒಬ್ಬರು ಸಿಬ್ಬಂದಿ ಕೊಠಡಿಯಲ್ಲಿ ವಾದಿಸಿದ್ದುಂಟು. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಸಿದ ದೇಶದಲ್ಲಿ ಖರ್ಚಿನ ಪ್ರಶ್ನೆ ಸಣ್ಣದಲ್ಲ. ಆದರೂ ಆ ಹುಡುಗಿಯ ಪ್ರಶ್ನೆಯನ್ನು ದೊಡ್ಡವರು ನಕ್ಕು ಬದಿಗಿಟ್ಟಿದ್ದರೆ ಏನು ಕಳೆದುಹೋಗುತ್ತಿತ್ತೆಂಬುದು ಯಾವ ಲೆಕ್ಕದ ಪುಸ್ತಕದಲ್ಲೂ ಬರುತ್ತಿರಲಿಲ್ಲ. ಕೇಳದೆ ಉಳಿದ ಪ್ರಶ್ನೆಯ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಅದರ ಅಪಾಯ.

ಮೂವತ್ತು ವರ್ಷಕ್ಕೂ ಮೀರಿ ತರಗತಿಯಲ್ಲಿ ನಿಂತವನಾಗಿ ನನಗೆ ತಿಳಿದದ್ದಿಷ್ಟು: ಎಂಟನೆಯ ತರಗತಿಯಲ್ಲಿ ಪ್ರಶ್ನೆ ಕೇಳುವ ಮಕ್ಕಳು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ “ಇದು ಪರೀಕ್ಷೆಗೆ ಬರುತ್ತದೆಯೇ ಸಾರ್?” ಎಂಬ ಒಂದೇ ಪ್ರಶ್ನೆಗೆ ಇಳಿಯುತ್ತಾರೆ. ಇದು ಮಕ್ಕಳ ದೋಷವಲ್ಲ.

ಕಾಲ ಬದಲಾಗುತ್ತಿದೆ ಎನ್ನುವುದಕ್ಕೂ ಕುರುಹುಗಳಿವೆ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಅವರೊಡನೆ ಹೋದ ಪ್ರಯೋಗಗಳಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐ.ಐ.ಟಿ. ಸೇರಿ ರೂಪಿಸಿದ್ದೂ ಒಂದಿತ್ತು: ತೂಕವಿಲ್ಲದ ಕಡೆ ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಒಡೆಯುವ ಬಗೆ. ಅಡುಗೆಮನೆಯ ಡಬ್ಬಿಯಿಂದ ಎದ್ದು ಬಂದಂಥ ಪ್ರಶ್ನೆ! ಬೇರು ಕೆಳಕ್ಕೆ, ಚಿಗುರು ಮೇಲಕ್ಕೆ ಎಂದು ನಾನು ಕರಿಹಲಗೆಯ ಮೇಲೆ ಎಷ್ಟು ಬಾರಿ ಬರೆದಿಲ್ಲ. ‘ಕೆಳಕ್ಕೆ’ ಎಂಬುದೇ ಇಲ್ಲದ ಊರಿನಲ್ಲಿ ಮೆಂತ್ಯದ ಬೇರು ಏನು ಮಾಡೀತು? ಅರಬೆಲ್ಲಾಳಿಗೆ ಒಡ್ಡಿದ ಪ್ರಶ್ನೆಯೇ ಇದು, ಬೇರೆ ವೇಷದಲ್ಲಿ.

ಹೊರನಾಡುಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಇಂಗ್ಲೆಂಡ್, ಜರ್ಮನಿ, ಅಮೆರಿಕಗಳಲ್ಲಿ ಇರುವವರಿಗೆ ಶಿಲುಬೆ ಜೇಡ ಮನೆಯ ಬೇಲಿಯಲ್ಲೇ ಸಿಗುತ್ತದೆ. ಬೇಸಿಗೆಯ ಕೊನೆಯಿಂದ ಅಕ್ಟೋಬರಿನವರೆಗೆ ಅದರ ಬಲೆ ಕಾಣಲು ಒಳ್ಳೆಯ ಸಮಯ. ಮಕ್ಕಳನ್ನು ಬೆಳಗ್ಗೆ ಬೇಗ ಎಬ್ಬಿಸಿ, ಮಂಜಿನ ಹನಿ ಆರುವ ಮೊದಲು ಕರೆದೊಯ್ದು, ಕೇಂದ್ರ ನಡುವಿನಲ್ಲಿದೆಯೋ ಮೇಲಕ್ಕಿದೆಯೋ ಅಳತೆಪಟ್ಟಿ ಹಿಡಿದು ನೋಡಲು ಹೇಳಿ. ಊರಿನಲ್ಲಿರುವವರಿಗೆ ಮಳೆಗಾಲ ಮುಗಿದ ಮೇಲೆ ಕಾಫಿ ತೋಟದಲ್ಲಿ, ಹಿತ್ತಲ ದಾಸವಾಳದ ಗಿಡದಲ್ಲಿ ಅದರ ದಾಯಾದಿಗಳು ಬೇಕಾದಷ್ಟಿವೆ. ಅಳೆದದ್ದನ್ನು ದಿನಾಂಕ ಹಾಕಿ ಬರೆದಿಡಿ, ಸಾಧ್ಯವಾದರೆ ನನಗೂ ತಿಳಿಸಿ. ಅಂಕ ಕೊಡುವ ಅಧಿಕಾರ ಈಗ ನನಗಿಲ್ಲ. ಓದುವ ಆಸೆ ಮಾತ್ರ ಇನ್ನೂ ಇದೆ.